ಗ್ಲಾಸು ಇರುವಲ್ಲಿ ಪಿಸ್ತೂಲು ಬೇಡ

ಮಾನ್ಯ ಸಂಪಾದಕರೇ,

ಲೈಸೆನ್ಸ್ ಇರುವವರಿಗೆ ಅಮೆರಿಕದ ಹಾಗೆ ನಮ್ಮಲ್ಲೂ ಹೋಟೆಲು, ಬಾರುಗಳಿಗೆ ಪಿಸ್ತೂಲು ಒಯ್ಯಲು ಬಿಡಬೇಕು ಎಂದು ಹೋದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ನಾನು ಕೊಡಗಿನವನು. ಅಜ್ಜನ ಕಾಲದಿಂದ ಮನೆಯಲ್ಲಿ ಕೋವಿ ಇದೆ, ಕೋವಿ ಕಂಡರೆ ಬೆಚ್ಚುವವನಲ್ಲ. ಆದರೂ ಈ ಮಾತನ್ನು ಒಪ್ಪಲು ನನ್ನಿಂದ ಆಗಲಿಲ್ಲ.

ಅವರು ಕೊಟ್ಟ ಉದಾಹರಣೆ ಸಣ್ಣದಲ್ಲ. 1991ರ ಅಕ್ಟೋಬರ್ 16ರಂದು ಟೆಕ್ಸಾಸ್‌ನ ಕಿಲ್ಲೀನ್ ಊರಿನಲ್ಲಿ ಒಬ್ಬ ಲೂಬೀಸ್ ಎಂಬ ಹೋಟೆಲಿಗೆ ಗಾಡಿ ನುಗ್ಗಿಸಿ, 23 ಜನರನ್ನು ಗುಂಡಿಟ್ಟು ಕೊಂದ. ಸುಝಾನಾ ಹಪ್ ಎಂಬುವರು ಅಪ್ಪ ಅಮ್ಮನ ಜೊತೆ ಅಲ್ಲಿ ಊಟಕ್ಕೆ ಕೂತಿದ್ದರು. ಅವರ ರಿವಾಲ್ವರ್ ಹೊರಗೆ ಕಾರಿನಲ್ಲಿತ್ತು, ಆಗಿನ ಕಾನೂನಿಗೆ ಹೆದರಿ ಒಳಗೆ ತಂದಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಸತ್ತರು. ಕೈಗೆ ಸಿಗುವಷ್ಟು ದೂರದಲ್ಲಿದ್ದೂ ಸಿಗದೇ ಹೋಯಿತಲ್ಲ ಎಂಬ ಆ ಹೆಣ್ಣುಮಗಳ ಸಂಕಟ ನನಗೆ ಅರ್ಥವಾಗುತ್ತದೆ. ಪಿಸ್ತೂಲು ಒಯ್ಯಲು ಪರ್ಮಿಟ್ ಕೊಡುವ ಕಾನೂನು ಟೆಕ್ಸಾಸ್‌ಗೆ ಬಂದದ್ದು 1995ರಲ್ಲಿ. ಅದಕ್ಕಾಗಿ ಹೋರಾಡಿದವರಲ್ಲಿ ಅವರೂ ಒಬ್ಬರು.

ಆದರೆ ಬಂದೂಕನ್ನು ಅಷ್ಟು ಪ್ರೀತಿಸುವ ಅದೇ ಟೆಕ್ಸಾಸ್ ಬಾರಿನ ಬಾಗಿಲಲ್ಲಿ ಗೆರೆ ಎಳೆದಿದೆ. ಆದಾಯದಲ್ಲಿ ಶೇಕಡಾ 51 ಅಥವಾ ಅದಕ್ಕಿಂತ ಜಾಸ್ತಿ ಅಲ್ಲೇ ಕುಡಿಯುವ ಮದ್ಯದಿಂದ ಬರುವ ಅಂಗಡಿಯೊಳಗೆ ಪಿಸ್ತೂಲು ತರುವಂತಿಲ್ಲ. ಬಾಗಿಲಲ್ಲಿ ಕೆಂಪಕ್ಷರದಲ್ಲಿ 51 ಎಂದು ಬರೆದಿರುತ್ತಾರೆ. ಪತ್ರ ಬರೆದವರು ಇದನ್ನು ಹೇಳಲಿಲ್ಲ.

ಅಮೆರಿಕದ ಇನ್ನೊಂದು ರಾಜ್ಯ ಟೆನೆಸ್ಸಿಯದು ಬೇರೆ ದಾರಿ. ಮದ್ಯ ಕೊಡುವ ರೆಸ್ಟೋರೆಂಟುಗಳಿಗೂ ಪಿಸ್ತೂಲು ತರಬಹುದು ಎಂಬ ಮಸೂದೆಗೆ 2009ರಲ್ಲಿ ಅಲ್ಲಿನ ಗವರ್ನರ್ ಫಿಲ್ ಬ್ರೆಡಸನ್ ಸಹಿ ಹಾಕದೆ ತಿರುಗಿಸಿದರು. ಶಾಸನಸಭೆ ಅವರನ್ನು ಮೀರಿ ಅದನ್ನು ಕಾನೂನು ಮಾಡಿತು. ಅದೇ ವರ್ಷ ಕೋರ್ಟು ಅದು ಸ್ಪಷ್ಟವಾಗಿಲ್ಲ ಎಂದು ತಳ್ಳಿಹಾಕಿತು. 2010ರಲ್ಲಿ ಮತ್ತೆ ತಂದರು. ಪಿಸ್ತೂಲು ಇದ್ದವರು ಕುಡಿಯಬಾರದು ಎಂಬುದು ಷರತ್ತು. ಬೇಡವೆಂದರೆ ಮಾಲೀಕರು ಬೋರ್ಡ್ ಹಾಕಬಹುದು. ಮಗನ ಮನೆಗೆಂದು ಅಲ್ಲಿನ ನ್ಯಾಶ್‌ವಿಲ್‌ಗೆ ಹೋದಾಗ ಒಂದು ಹೋಟೆಲಿನ ಗಾಜಿನ ಬಾಗಿಲಲ್ಲಿ ಅಂಥ ಚಿತ್ರ ನೋಡಿದೆ. ಪಿಸ್ತೂಲಿನ ಮೇಲೆ ಅಡ್ಡಗೆರೆ. ಮೊಮ್ಮಗಳು ಅದೇನು ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಆ ಷರತ್ತನ್ನು ನೋಡಿಕೊಳ್ಳುವವರು ಯಾರು? ಅಂಗಿಯೊಳಗಿನ ಪಿಸ್ತೂಲು ಸಪ್ಲೈಯರ್‌ಗೆ ಕಾಣುವುದಿಲ್ಲ. ಕಂಡರೂ, ನಿಮಗೆ ಬಿಯರ್ ಕೊಡಲ್ಲ ಸಾರ್ ಎಂದು ಆ ಹುಡುಗ ಹೇಳಬೇಕು, ಅಲ್ವಾ? 1999ರ ಏಪ್ರಿಲ್ ಕೊನೆಯಲ್ಲಿ ದೆಹಲಿಯ ರೆಸ್ಟೋರೆಂಟೊಂದರಲ್ಲಿ ಮದ್ಯ ಕೊಡುವ ಕೆಲಸಕ್ಕಿದ್ದ ಜೆಸಿಕಾ ಲಾಲ್ ಎಂಬ ಹೆಣ್ಣುಮಗಳು ಹೇಳಿದ್ದು ಇಂಥದ್ದೇ ಮಾತು. ಹೊತ್ತು ಮೀರಿತ್ತು, ಇನ್ನು ಮದ್ಯ ಇಲ್ಲ ಎಂದರು. ತಲೆಗೆ ಗುಂಡು ಬಿತ್ತು. ಕೊಂದವನ ಹತ್ತಿರ ಪಿಸ್ತೂಲಿಗೆ ಲೈಸೆನ್ಸ್ ಇತ್ತು. ಅವನಿಗೆ ಶಿಕ್ಷೆ ಆಗಲು 2006ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು.

ನಮ್ಮಲ್ಲಿ ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಹಂದಿಕರಿ, ಕಡಂಬುಟ್ಟಿನ (ಅಕ್ಕಿ ಕಡುಬಿನ) ಊಟ, ಜೊತೆಗೆ ಗ್ಲಾಸೂ ಇರುತ್ತದೆ, ಮುಚ್ಚಿಡುವುದೇನಿಲ್ಲ. ಆದರೆ ಅಜ್ಜ ಒಂದು ಕ್ರಮ ಇಟ್ಟಿದ್ದರು. ಮೊದಲು ಗುರಿ. ಆಮೇಲೆ ಕೋವಿಗಳಿಂದ ತೋಟಾ ತೆಗೆದು, ಒಳಕೋಣೆಯಲ್ಲಿಟ್ಟು ಬೀಗ. ಬೀಗದ ಕೈ ಅಜ್ಜಿಯ ಸೆರಗಿಗೆ. ಅದಾದ ಮೇಲೆಯೇ ಬಾಟಲಿ ಹೊರಗೆ ಬರುತ್ತಿತ್ತು. ಒಮ್ಮೆ ಚಿಕ್ಕಪ್ಪ ಕುಡಿದ ಮೇಲೆ ಇನ್ನೊಂದು ಗುಂಡು ಹೊಡೆಯುತ್ತೇನೆಂದು ಹಟ ಹಿಡಿದರು. ಅಜ್ಜಿ ಕೀ ಕೊಡಲಿಲ್ಲ. ಅವತ್ತು ಬೈದುಕೊಂಡು ಮಲಗಿದ ಚಿಕ್ಕಪ್ಪನೇ ಇವತ್ತು ಆ ಕೀ ಕಾಯುತ್ತಾರೆ.

ಬಾರಿನಲ್ಲಿ ಹಾಗೆ ಕೀ ಹಿಡಿದು ಕೂರುವ ಅಜ್ಜಿ ಇರುವುದಿಲ್ಲ. ಪಕ್ಕದ ಮೇಜಿನವನು ಎಷ್ಟು ಕುಡಿದಿದ್ದಾನೆ, ಅವನ ಸೊಂಟದಲ್ಲಿ ಏನಿದೆ, ಯಾರಿಗೂ ಗೊತ್ತಿಲ್ಲ. ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯನ್ನು 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿದಾಗ ನಾನು ಸಂತೋಷಪಟ್ಟವನು. ಅದನ್ನು ಉಳಿಸಿಕೊಳ್ಳಬೇಕಾದ್ದರಿಂದಲೇ ಇಷ್ಟು ಬರೆಯುತ್ತಿದ್ದೇನೆ. ಪತ್ರ ಬರೆದ ಆ ಓದುಗರಲ್ಲಿ ಒಂದು ವಿನಂತಿ. ನಿಮ್ಮೂರಿನ ಯಾವುದಾದರೂ ಬಾರಿನಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ ಬಿಲ್ ಕೊಡಲು ಬರುವ ಹುಡುಗನನ್ನು ಈ ವಿಷಯ ಒಮ್ಮೆ ಕೇಳಿ ನೋಡಿ. ಅವನು ಹೇಳಿದ್ದನ್ನು ಇದೇ ಅಂಕಣಕ್ಕೆ ಬರೆಯಿರಿ.

— ಒಬ್ಬ ಓದುಗ, ಗೋಣಿಕೊಪ್ಪಲು