ದೂರು: ‘ಅಪ್ಪಟ ಚರ್ಮ’ ಎಂದು ಮಾರಿದ ಬೆಲ್ಟ್, ಪರ್ಸು, ಬ್ಯಾಗು ಮತ್ತು ಚಪ್ಪಲಿಯ ಬಗ್ಗೆ

ಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ವಿಭಾಗ

ವಿಷಯ: ‘ಪರಂಪರೆ’ ಸರಣಿಯ ನಾಲ್ಕು ಸಾಮಾನುಗಳ ಹಣ ವಾಪಸಾತಿ ಮತ್ತು ಸುಳ್ಳು ವಿವರಣೆ ತೆಗೆಯುವ ಕುರಿತು

ಮಾನ್ಯರೇ,

ಕಳೆದ ದೀಪಾವಳಿಗೆ ನಿಮ್ಮ ಆ್ಯಪ್‌ನಲ್ಲಿ ನಾಲ್ಕು ಸಾಮಾನು ತರಿಸಿದ್ದೆ. ನನಗೊಂದು ಬೆಲ್ಟ್, ಹೊಸ ಅಳಿಯನಿಗೆ ಪರ್ಸು, ಮಗಳಿಗೆ ಆಫೀಸಿನ ಬ್ಯಾಗು, ಜೊತೆಗೆ ಒಂದು ಜೊತೆ ಕೊಲ್ಹಾಪುರಿ ಚಪ್ಪಲಿ. ಎಲ್ಲ ಸೇರಿ ₹9,860. ಆರ್ಡರ್ ಸಂಖ್ಯೆ, ಬಿಲ್ಲು, ಫೋಟೋಗಳನ್ನು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ನಿಮ್ಮ ಪುಟದಲ್ಲಿ ಆಗ ಏನು ಬರೆದಿತ್ತು ಎಂಬುದರ ಸ್ಕ್ರೀನ್‌ಶಾಟ್ ಕೂಡ ಇದೆ, ಏಕೆಂದರೆ ಈಗ ಅದರಲ್ಲಿ ಒಂದೆರಡು ಸಾಲು ಸದ್ದಿಲ್ಲದೆ ಬದಲಾಗಿವೆ.

ಯುಗಾದಿ ಬರುವಷ್ಟರಲ್ಲಿ ಬೆಲ್ಟಿನ ತೂತುಗಳ ಸುತ್ತ ಹಕ್ಕಳೆ ಎದ್ದಿತು. ಉಗುರಿನಿಂದ ಎತ್ತಿದರೆ ಕಂದು ಬಣ್ಣದ ತೆಳು ಹಾಳೆ ಉದ್ದಕ್ಕೂ ಕಿತ್ತು ಬರುತ್ತದೆ, ಕೆಳಗೆ ಬೂದು ಬಣ್ಣದ ಬಟ್ಟೆ. ಬ್ಯಾಗಿನ ಹಿಡಿಕೆ ಮಡಚುವ ಜಾಗದಲ್ಲೆಲ್ಲ ಸೀಳಿದೆ. ಪರ್ಸಿನ ಬಗ್ಗೆ ಅಳಿಯ ಒಂದು ಮಾತೂ ಆಡಲಿಲ್ಲ, ಮೊದಲ ಹಬ್ಬಕ್ಕೆ ಮಾವ ಕೊಟ್ಟದ್ದು ಎಂಬ ಸಂಕೋಚ. ಅವನ ಬಿಳಿ ಪ್ಯಾಂಟಿನ ಜೇಬಿನಲ್ಲಿ ಕಂದು ಪುಡಿ ಸಿಗುತ್ತದೆ ಎಂದು ಮಗಳೇ ಹೇಳಿದ್ದು. ಚಪ್ಪಲಿಯ ಅಟ್ಟೆ ಹಿಮ್ಮಡಿ ಹತ್ತಿರ ಬಾಯಿ ಬಿಟ್ಟಿದೆ, ಒಳಗೆ ರಟ್ಟು ಕಾಣುತ್ತದೆ.

ನಿಮ್ಮ ಗ್ರಾಹಕ ಸೇವೆಯಿಂದ ಬಂದ ಉತ್ತರ ಹೀಗಿದೆ: “ನೈಸರ್ಗಿಕ ಚರ್ಮವು ಕಾಲಕ್ರಮೇಣ ತನ್ನದೇ ಸ್ವಭಾವ ತೋರಿಸುತ್ತದೆ. ತೇವಾಂಶದಿಂದ ಮೇಲ್ಮೈ ಬದಲಾಗುವುದು ಸಹಜ. ಹಿಂದಿರುಗಿಸುವ ಅವಧಿ ಮುಗಿದಿದೆ.” ನಾನು ಈ ಪತ್ರ ಬರೆಯಲು ಕೂತದ್ದು ಸಾಮಾನು ಕೆಟ್ಟಿತೆಂದಲ್ಲ, ಈ ಮೂರು ವಾಕ್ಯ ಓದಿ.

ಮೊದಲು ತೇವಾಂಶದ ವಿಚಾರ. ದೀಪಾವಳಿಯಿಂದ ಯುಗಾದಿವರೆಗೆ ಧಾರವಾಡದಲ್ಲಿ ತುಟಿ ಒಡೆಯುತ್ತವೆ ಸ್ವಾಮಿ, ತೇವ ಎಲ್ಲಿಂದ ತರಲಿ? ಇದ್ದಿದ್ದರೂ ಏನಾಗುತ್ತಿತ್ತು? ಪಂಪ್‌ಸೆಟ್ ಬರುವ ಮುಂಚೆ ಕಪಿಲೆ ಬಾವಿಗಳಲ್ಲಿ ಎತ್ತು ಕಟ್ಟಿ ನೀರು ಸೇದುತ್ತಿದ್ದದ್ದು ಚರ್ಮದ ಚೀಲದಲ್ಲೇ. ದಿನವಿಡೀ ನೀರಲ್ಲಿ ಮುಳುಗಿ, ಬಿಸಿಲಲ್ಲಿ ಒಣಗಿ, ಮತ್ತೆ ಮುಳುಗುತ್ತಿದ್ದ ಆ ಚೀಲ ಸವೆಯುತ್ತಿತ್ತು, ಹರಿಯುತ್ತಿತ್ತು, ಹೊಲಿಸಿಕೊಳ್ಳುತ್ತಿತ್ತು. ಸಿಪ್ಪೆ ಸುಲಿದುಕೊಳ್ಳುತ್ತಿರಲಿಲ್ಲ. ಚರ್ಮ ಒಣಗಿದರೆ ಬಿರಿಯುತ್ತದೆ, ನೆಂದು ಒಣಗಿದರೆ ಗಡುಸಾಗುತ್ತದೆ, ಗಾಳಿಯಾಡದೆ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಈ ದೋಷಗಳೆಲ್ಲ ಅದಕ್ಕೆ ಉಂಟು. ಮೇಲಿನ ಬಣ್ಣದ ಹಾಳೆ ಎದ್ದು ಕೆಳಗಿನ ಬಟ್ಟೆ ಕಾಣುವುದು ಚರ್ಮದ ದೋಷವಲ್ಲ, ಚರ್ಮದಲ್ಲಿ ಬಟ್ಟೆ ಇರುವುದಿಲ್ಲ.

ನಿಮ್ಮದೇ ಪುಟದಲ್ಲಿ ‘ಐದು ಸಾವಿರ ವರ್ಷಗಳ ಇತಿಹಾಸ’ ಎಂಬ ಅಧ್ಯಾಯವಿದೆ, ಅದರಲ್ಲಿ ಅರ್ಮೇನಿಯಾದ ಅರೆನಿ ಗುಹೆಯ ಬೂಟಿನ ಚಿತ್ರವಿದೆ. 2008ರಲ್ಲಿ ಸಿಕ್ಕಿದ ಆ ಬೂಟು ಸುಮಾರು 5,500 ವರ್ಷ ಹಳೆಯದು. ಒಂದೇ ತುಂಡು ದನದ ಚರ್ಮ, ಮುಂದೂ ಹಿಂದೂ ಚರ್ಮದ ದಾರದಿಂದ ಬಿಗಿದದ್ದು, ಒಳಗೆ ಹುಲ್ಲು ತುಂಬಿತ್ತು. ಕುರಿಹಿಕ್ಕೆಯ ದಪ್ಪ ಪದರದಡಿ ಬಿದ್ದಿದ್ದ ಆ ಬೂಟಿನ ದಾರ ಕೂಡ ಹಾಗೇ ಇತ್ತು. ಅದರ ಚಿತ್ರ ಹಾಕಿ ಮಾರಿದ ನಿಮ್ಮ ಬೆಲ್ಟು ಒಂದು ಚಳಿಗಾಲ ತಡೆಯಲಿಲ್ಲ.

ಬೆಲ್ಟನ್ನು ಇಲ್ಲಿ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಹಿರಿಯರೊಬ್ಬರ ಬಳಿ ಒಯ್ದೆ. ಅವರು ರಂಪಿಗೆಯಿಂದ ತುದಿ ಕತ್ತರಿಸಿ, ಕತ್ತರಿಸಿದ ಅಂಚನ್ನು ಹೆಬ್ಬೆರಳಿನಿಂದ ತಿಕ್ಕಿದರು. ಅಂಚಿನಿಂದ ಹೊಟ್ಟಿನಂಥ ಪುಡಿ ಉದುರಿತು. “ಇದ್ರಾಗ ಚರ್ಮ ಇಲ್ಲ ಅನ್ನಂಗಿಲ್ರಿ ಸರ,” ಅಂದರು, “ಐತಿ. ಆದ್ರ ಹಿಟ್ಟು ಮಾಡ್ಯಾರ.” ಆಮೇಲೆ ತಮ್ಮ ಗೋಣಿಚೀಲದಿಂದ ಒಂದು ಎಮ್ಮೆ ಚರ್ಮದ ಚೂರು ತೆಗೆದು ಪಕ್ಕಕ್ಕಿಟ್ಟರು. ಅದರ ಅಂಚು ಮೇಲಿಂದ ಕೆಳಗಿನವರೆಗೆ ಒಂದೇ ಕಂದು, ನಾರು ನಾರಾಗಿ ಹೆಣೆದುಕೊಂಡಿತ್ತು. ಮಡಚಿದರೆ ಸಣ್ಣ ನೆರಿಗೆ ಬಿದ್ದು ಮತ್ತೆ ಹೋಯಿತು. ನಿಮ್ಮ ಬೆಲ್ಟಿನಲ್ಲಿ ರೋಮರಂಧ್ರದಂತೆ ಕಾಣುವ ಚುಕ್ಕೆಗಳು ಒಂದು ಗೇಣಿಗೊಮ್ಮೆ ಅದೇ ಸಾಲಿನಲ್ಲಿ, ಅದೇ ಓರೆಯಲ್ಲಿ ಮರುಕಳಿಸುತ್ತವೆ. ಯಾವ ಎಮ್ಮೆಗೂ ಹಾಗೆ ಅಚ್ಚು ಹೊಡೆದಂತೆ ಕೂದಲು ಬರುವುದಿಲ್ಲ.

ಅವರು ಹಿಟ್ಟು ಎಂದದ್ದಕ್ಕೆ ವ್ಯಾಪಾರದಲ್ಲಿ ಬಾಂಡೆಡ್ ಲೆದರ್ ಎನ್ನುತ್ತಾರೆ. ಕಾರ್ಖಾನೆಯ ಕತ್ತರಿಕೆ ಚೂರುಗಳನ್ನು ಪುಡಿ ಮಾಡಿ, ಅಂಟು ಬೆರೆಸಿ, ಹಾಳೆ ಎಳೆದು, ಬಟ್ಟೆಗೆ ಹಚ್ಚಿ, ಮೇಲೆ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಬಳಿದು ಚರ್ಮದ ಗೆರೆಗಳನ್ನು ಒತ್ತುತ್ತಾರೆ. ಮಡಚುವ ಕಡೆ ಆ ಲೇಪ ಬಿರಿಯುತ್ತದೆ, ಬೆವರು ಒಳಗಿಳಿದರೆ ಕಳಚುತ್ತದೆ. ನಿಮ್ಮ ಪುಟ ‘ಯುರೋಪಿಯನ್ ಗುಣಮಟ್ಟ’ ಎಂದು ಹೇಳಿಕೊಳ್ಳುತ್ತದೆ. ಯುರೋಪಿನ ಇಎನ್ 15987 ಮಾನದಂಡದ ಪ್ರಕಾರ, ನಾರಾಗಿ ಪುಡಿ ಮಾಡಿ ಮತ್ತೆ ಹಾಳೆ ಮಾಡಿದ್ದನ್ನು ಚರ್ಮ ಎಂದು ಕರೆಯುವಂತೆಯೇ ಇಲ್ಲ. ಚರ್ಮದ ನಾರಿನ ಹಲಗೆ ಎನ್ನಬೇಕಾದರೂ ತೂಕದಲ್ಲಿ ಕನಿಷ್ಠ ಅರ್ಧದಷ್ಟು ಚರ್ಮದ ನಾರು ಇರಬೇಕು. ಇಡಿಯ ಚರ್ಮವೇ ಆದರೂ ಮೇಲಿನ ಲೇಪ 0.15 ಮಿಲಿಮೀಟರ್ ದಾಟಿದರೆ ಅದನ್ನು ಬರಿಯ ಚರ್ಮ ಎಂದು ಮಾರುವ ಹಾಗಿಲ್ಲ.

ಅಗ್ಗದ ಸಾಮಾನು ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ರೆಕ್ಸಿನ್ ಬ್ಯಾಗು ಹಿಡಿದೇ ನಾವೆಲ್ಲ ಶಾಲೆ ಕಲಿತದ್ದು, ಅದನ್ನು ರೆಕ್ಸಿನ್ ಎಂದೇ ಮಾರುತ್ತಿದ್ದರು. ನೀವು ಬರೆದದ್ದು ‘ಪೂರ್ಣ ಮೇಲ್ಪದರದ ಎಮ್ಮೆ ಚರ್ಮ, ಸಸ್ಯಜನ್ಯ ಹದ’ ಎಂದು. ಈ ಎರಡು ಮಾತಿಗೂ ಅರ್ಥ ಇದೆ, ಬೆಲೆಯೂ ಇದೆ. ದಪ್ಪ ಚರ್ಮವನ್ನು ಅಡ್ಡಡ್ಡಲಾಗಿ ಸೀಳಿದಾಗ ಕೂದಲಿದ್ದ ಮೇಲಿನ ಭಾಗದ ನಾರು ಬಿಗಿಯಾಗಿರುತ್ತದೆ. ಅದನ್ನು ಉಜ್ಜದೆ, ಗಾಯದ ಕಲೆ, ಸೊಳ್ಳೆ ಕಚ್ಚಿದ ಗುರುತು ಸಮೇತ ಉಳಿಸಿಕೊಂಡದ್ದು ಪೂರ್ಣ ಮೇಲ್ಪದರ. ಉಜ್ಜಿ ನುಣುಪು ಮಾಡಿ ಅಚ್ಚು ಒತ್ತಿದ್ದು ಅದಕ್ಕಿಂತ ಕೆಳಗಿನ ದರ್ಜೆ. ಕೆಳಗಿನ ಸೀಳಿನಿಂದ ಸ್ವೇಡ್ ಎಂಬ ಮಖಮಲ್ಲಿನಂಥ ಚರ್ಮ ಮಾಡುತ್ತಾರೆ. ಮೆತ್ತಗಿರಬೇಕಾದ ಪರ್ಸಿಗೆ ಮೇಕೆ ಚರ್ಮ ಒಳ್ಳೆಯದು, ಭಾರ ಹೊರುವ ಬೆಲ್ಟಿಗೆ, ಅಟ್ಟೆಗೆ ಎಮ್ಮೆಯದು. ನಿಮ್ಮ ನಾಲ್ಕೂ ಸಾಮಾನಿಗೆ ಒಂದೇ ಹಾಳೆ, ಬಣ್ಣ ಮಾತ್ರ ಬೇರೆ.

ಇನ್ನು ಹದ, ಅಂದರೆ ಹಸಿ ಚರ್ಮವನ್ನು ಕೊಳೆಯದಂತೆ ಮಾಡುವ ಕೆಲಸ. 1884ರಲ್ಲಿ ಅಮೆರಿಕದ ಅಗಸ್ಟಸ್ ಶುಲ್ಟ್ಸ್ ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ವಾರಗಟ್ಟಲೆಯ ಕೆಲಸ ಒಂದೆರಡು ದಿನಕ್ಕೆ ಇಳಿಯಿತು. ಇವತ್ತು ಜಗತ್ತಿನ ಬಹುಪಾಲು ಚರ್ಮ ಅದರಿಂದಲೇ ಹದವಾಗುತ್ತದೆ, ಅದರಲ್ಲಿ ಮೋಸವೇನಿಲ್ಲ. ಗಿಡದ ಹದ ಬೇರೆ. ಸುಣ್ಣದ ನೀರಲ್ಲಿ ನೆನೆಸಿ ಕೂದಲು ಕಿತ್ತು, ಒಳಗಿನ ಮಾಂಸ ಕೆರೆದು, ಜಾಲಿ ತೊಗಟೆ, ತಂಗಡಿ ತೊಗಟೆ, ಅಳಲೆಕಾಯಿಯ ಒಗರು ನೀರು ಕುಡಿಸಬೇಕು. ನಮ್ಮ ಹಳ್ಳಿಗಳ ಕ್ರಮದಲ್ಲಿ ಇಡೀ ಚರ್ಮವನ್ನು ಚೀಲದಂತೆ ಹೊಲಿದು, ತೊಗಟೆ ನೀರು ತುಂಬಿ, ಮರದ ಚೌಕಟ್ಟಿಗೆ ತೂಗುಹಾಕುತ್ತಿದ್ದರು. ಜಿನುಗಿ ಕೆಳಗೆ ಬಿದ್ದ ನೀರನ್ನೇ ಮತ್ತೆ ಮೇಲಿಂದ ಸುರಿಯುತ್ತಿದ್ದರು. ಇಷ್ಟು ಮೈಮುರಿದು ದುಡಿದವರನ್ನೇ ಊರ ಹೊರಗಿಟ್ಟ ನಾಡು ನಮ್ಮದು. ಈಗ ಆ ದುಡಿಮೆಯ ಹೆಸರಿಗೆ ಮಾರುಕಟ್ಟೆ ಬಂದಿದೆ, ದುಡಿಮೆ ಮಾತ್ರ ನಿಮಗೆ ಬೇಕಾಗಿಲ್ಲ.

ಚಪ್ಪಲಿಯ ಪುಟ ಇದಕ್ಕಿಂತ ಕೆಟ್ಟದಾಗಿದೆ. ‘ಹರಳಯ್ಯನವರ ಪರಂಪರೆ, ಅಥಣಿಯ ಕೈಗಳಿಂದ’ ಎಂದು ದೊಡ್ಡಕ್ಷರದಲ್ಲಿದೆ. ಬಸವಣ್ಣನವರಿಗಾಗಿ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು, ಬಸವಣ್ಣ ಅದನ್ನು ಮೆಟ್ಟಲೊಪ್ಪದೆ ತಲೆಯ ಮೇಲಿಟ್ಟುಕೊಂಡರು ಎಂಬ ಕಥೆ ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು. ರಟ್ಟಿನ ಅಟ್ಟೆಗೆ ಆ ಹೆಸರು ಅಂಟಿಸಲು ನಿಮಗೆ ಕೈ ಹೇಗೆ ಬಂತು?

ಕೊಲ್ಹಾಪುರಿ ಎಂಬುದು ಯಾರು ಬೇಕಾದರೂ ಹಚ್ಚಿಕೊಳ್ಳುವ ಹೆಸರೂ ಅಲ್ಲ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ನಮ್ಮ ಕಡೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಈ ಎಂಟು ಜಿಲ್ಲೆಗಳಲ್ಲಿ ಮಾಡಿದ ಚಪ್ಪಲಿಗೆ ಮಾತ್ರ ಆ ಹೆಸರು. ಅಥಣಿ, ನಿಪ್ಪಾಣಿಯ ಸಮಗಾರ ಕುಟುಂಬಗಳಲ್ಲಿ ಗಂಡಸರು ಅಟ್ಟೆ ಕತ್ತರಿಸಿ ಕೂಡಿಸಿದರೆ ಹೆಂಗಸರು ಮೇಲಿನ ಹೆಣಿಗೆ ಮಾಡುತ್ತಾರೆ. ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ. ನೀವು ಕಳಿಸಿದ ಚಪ್ಪಲಿಯ ಅಂಚಿನಲ್ಲಿ ಹೊಲಿಗೆಯಂತೆ ಕಾಣುವುದು ಒತ್ತಿದ ಗುರುತು, ದಾರವೇ ಇಲ್ಲ. ಪೆಟ್ಟಿಗೆಯ ಮೇಲೆ ತಯಾರಿಸಿದ ಜಾಗವೆಂದು ಮುದ್ರಿಸಿರುವುದು ಈ ಎಂಟರಲ್ಲಿ ಯಾವುದೂ ಅಲ್ಲ.

2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿ ಮೂಲದ ಹೆಸರು ಹೇಳದೆ ಬೈಸಿಕೊಂಡಿತ್ತು. ನಿಮ್ಮ ಜಾಹೀರಾತು ಅದೇ ಸಿಟ್ಟನ್ನು ಬಂಡವಾಳ ಮಾಡಿಕೊಂಡು ‘ನಮ್ಮದನ್ನು ನಮ್ಮವರಿಂದಲೇ ಕೊಳ್ಳಿ’ ಎಂದಿತು, ನಾನೂ ಅದನ್ನು ನೋಡಿಯೇ ಕೊಂಡೆ. ಪ್ರಾಡಾದವರು ಕೊನೆಗೆ ಮೂಲ ಒಪ್ಪಿಕೊಂಡು ನಮ್ಮ ರಾಜ್ಯದ ಚರ್ಮ ಕೈಗಾರಿಕೆ ನಿಗಮ ಲಿಡ್ಕರ್ ಜೊತೆಗೂ ಒಪ್ಪಂದಕ್ಕೆ ಬಂದರು. ನೀವು ಹೆಸರು ಹೇಳಿದಿರಿ, ಸಾಮಾನು ಕೊಡಲಿಲ್ಲ.

ನನಗೆ ಬೇಕಾದದ್ದು ಇಷ್ಟು. ನಾಲ್ಕೂ ಸಾಮಾನಿನ ಪೂರ್ತಿ ಹಣ ನಾನು ಪಾವತಿಸಿದ ಖಾತೆಗೇ ಬರಬೇಕು, ನಿಮ್ಮ ಕೂಪನ್ನು ಬೇಡ. ಹಿಂದಿರುಗಿಸುವ ಅವಧಿಯ ಮಾತು ಇಲ್ಲಿ ನಡೆಯುವುದಿಲ್ಲ, ಏಕೆಂದರೆ ಇದು ಅಳತೆ ಹೊಂದದ, ಬಣ್ಣ ಹಿಡಿಸದ ಪ್ರಶ್ನೆಯಲ್ಲ, ಹೇಳಿದ್ದು ಒಂದು, ಕಳಿಸಿದ್ದು ಇನ್ನೊಂದು. ಪುಟದಿಂದ ‘ಅಪ್ಪಟ ಚರ್ಮ’, ‘ಸಸ್ಯಜನ್ಯ ಹದ’, ‘ಕೊಲ್ಹಾಪುರಿ’, ‘ಅಥಣಿ’ ಎಂಬ ಮಾತುಗಳನ್ನು ತೆಗೆದು, ಯಾವ ವಸ್ತು ಎಷ್ಟು ಪಾಲು ಎಂದು ಬರೆಯಿರಿ. ಹರಳಯ್ಯನವರ ಹೆಸರನ್ನು ಇವತ್ತೇ ತೆಗೆಯಿರಿ. ಇದೇ ಸರಣಿ ಕೊಂಡ ಉಳಿದವರಿಗೂ ತಿಳಿಸಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡುವುದು ನಿಮ್ಮ ಹೊಣೆ. ಇಲ್ಲವಾದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಈ ಮೊತ್ತದ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಎಂಬುದು ನಿಮ್ಮ ವಕೀಲರಿಗೆ ಗೊತ್ತಿರುತ್ತದೆ. ಭೌಗೋಳಿಕ ಸೂಚಕದ ವಿಚಾರವಾಗಿ ಈ ಪತ್ರದ ಪ್ರತಿಯನ್ನು ಲಿಡ್ಕರ್‌ಗೆ ಇವತ್ತೇ ಕಳಿಸುತ್ತಿದ್ದೇನೆ.

ಸಾಮಾನು ಒಯ್ಯಲು ಬರುವವರು ಮುಂಚೆ ಫೋನ್ ಮಾಡಿ ಬರಲಿ, ಸಾಗಣೆ ಖರ್ಚು ನಿಮ್ಮದು. ಬ್ಯಾಗು, ಪರ್ಸು, ಚಪ್ಪಲಿ ಕಟ್ಟಿಟ್ಟಿದ್ದೇನೆ. ಬೆಲ್ಟಿನಲ್ಲಿ ಕತ್ತರಿಸಿದ ತುಂಡನ್ನು ಮಾತ್ರ ಕೊಡುವುದಿಲ್ಲ, ಆಯೋಗದ ಮುಂದೆ ಹಾಜರುಪಡಿಸಲು ಬೇಕಾಗಬಹುದು.

ಇಂತಿ,
ನಿಮ್ಮ ಗ್ರಾಹಕ,
ಧಾರವಾಡ

ಲಗತ್ತು: ಬಿಲ್ಲು, ಪುಟದ ಸ್ಕ್ರೀನ್‌ಶಾಟ್, ನಾಲ್ಕೂ ಸಾಮಾನಿನ ಮತ್ತು ಬೆಲ್ಟಿನ ಕತ್ತರಿಸಿದ ಅಂಚಿನ ಫೋಟೋಗಳು, ಗ್ರಾಹಕ ಸೇವೆಯ ಉತ್ತರ.