ರಾತ್ರಿ ಪಾಳಿಗೆ ಸೇರಿದ ಪ್ರಾಣಿಗಳು

ಪ್ರೀತಿಯ ಗೆಳೆಯಾ,

"ಅಳಿಲು, ಬಾವಲಿ, ಮೊಲ ಎಲ್ಲಾ ನಗರಕ್ಕೆ ಒಗ್ಗಿಹೋಗಿವೆ, ಇನ್ನು ಅವುಗಳ ಚಿಂತೆ ನಮಗ್ಯಾಕೆ?" ಅಂತ ಮೊನ್ನೆ ಕೇಳಿದೆಯಲ್ಲ, ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಒಗ್ಗಿರುವುದು ನಿಜ. ಹೇಗೆ ಒಗ್ಗಿವೆ ಅನ್ನುವುದನ್ನೂ ನೋಡಬೇಕು.

ಬಹಳಷ್ಟು ಪ್ರಾಣಿಗಳು ರಾತ್ರಿ ಪಾಳಿಗೆ ಸೇರಿಕೊಂಡಿವೆ. 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆರು ಖಂಡಗಳ 62 ಬಗೆಯ ಸಸ್ತನಿಗಳ ಅಧ್ಯಯನ ಬಂತು. ಅದರಲ್ಲಿ ಆನೆಯಂಥ ದೊಡ್ಡವೂ ಇದ್ದವು. ಹಗಲು ಅರ್ಧ, ರಾತ್ರಿ ಅರ್ಧ ಓಡಾಡುವ ಪ್ರಾಣಿ, ಜನರ ಕಾಟ ಜಾಸ್ತಿಯಾದರೆ ತನ್ನ ಓಡಾಟದ ಶೇ 68ರಷ್ಟನ್ನು ರಾತ್ರಿಗೆ ತಳ್ಳುತ್ತದೆಯಂತೆ. ಬ್ರಿಟನ್ನಿನ ಹೆಡ್ಜ್‌ಹಾಗ್, ಅದೇ ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿ, ಮೊದಲೇ ನಿಶಾಚರಿ. ನಗರದಲ್ಲಿ ಅದು ಇನ್ನೂ ಕಾಯುತ್ತದೆ. ನಡುರಾತ್ರಿ ದಾಟಿ ವಾಹನ ಕಡಿಮೆಯಾದ ಮೇಲೆಯೇ ಅದರ ಓಡಾಟ ಹೆಚ್ಚುವುದು.

ನನಗೆ ತುಂಬಾ ಇಷ್ಟವಾದದ್ದು ಅಳಿಲಿನ ಕಥೆ. ಅಮೆರಿಕದ ಬೂದು ಅಳಿಲು ಅಪಾಯ ಕಂಡರೆ ಕೂಗುತ್ತದೆ, ಬಾಲವನ್ನೂ ಬೀಸುತ್ತದೆ. ಸಂಶೋಧಕರು ಒಂದು ಯಂತ್ರದ ಅಳಿಲು ಮಾಡಿ, ಅದರಿಂದ ಎರಡನ್ನೂ ಮಾಡಿಸಿ ನೋಡಿದರು. ಬಾಲದ ಸನ್ನೆಗೆ ಹಳ್ಳಿ ಕಡೆಯ ಅಳಿಲುಗಳಿಗಿಂತ ನಗರದ ಅಳಿಲುಗಳು ಹೆಚ್ಚು ಎಚ್ಚೆತ್ತವು. ಗದ್ದಲದಲ್ಲಿ ಕೂಗು ಕೇಳಿಸದಿದ್ದರೂ ಬಾಲ ಕಾಣುತ್ತದಲ್ವಾ!

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮೊಲಗಳು ಮನೆಯನ್ನೇ ಬದಲಿಸಿಕೊಂಡಿವೆ. ಹೊರಗಿನ ಬಯಲಲ್ಲಿ ಒಂದೊಂದು ದೊಡ್ಡ ಬಿಲದಲ್ಲಿ ಹಲವು ಮೊಲ. ನಗರದೊಳಗೆ ಬಿಲಗಳು ಚಿಕ್ಕವು, ಹತ್ತಿರ ಹತ್ತಿರ, ಒಳಗಿರುವ ಮೊಲಗಳೂ ಕಡಿಮೆ.

ಈಗ ಬಾವಲಿಗಳ ವಿಷಯಕ್ಕೆ ಬಾ. ಕೆಲವು ಜಾತಿಯವು ಬೀದಿದೀಪದ ಸುತ್ತ ಹುಳ ಹಿಡಿದು ಚೆನ್ನಾಗಿ ತಿನ್ನುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಅವೇ. ಬೆಳಕಿಗೆ ಹೆದರುವ ಜಾತಿಗಳು ದೀಪದ ಸಾಲಿರುವ ದಾರಿಯನ್ನೇ ಬಿಟ್ಟುಬಿಡುತ್ತವೆ. ಹಾಗೆ ದೂರ ಸರಿದವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಉಳಿದವನ್ನು ಮಾತ್ರ ನೋಡಿ ಎಲ್ಲವೂ ಒಗ್ಗಿವೆ ಅನ್ನುತ್ತೇವೆ. ಒಗ್ಗಿದವಕ್ಕೂ ಎಲ್ಲ ಅಭ್ಯಾಸ ಬಿಡಲು ಆಗಿಲ್ಲ. ಹೆದರಿದ ಹೆಡ್ಜ್‌ಹಾಗ್ ಇವತ್ತಿಗೂ ಉಂಡೆಯಾಗಿ ಸುತ್ತಿಕೊಳ್ಳುತ್ತದೆ. ನರಿಯ ಮುಂದೆ ನಡೆಯುವ ಆ ಉಪಾಯ ಕಾರಿನ ಚಕ್ರದ ಮುಂದೆ ನಡೆಯುವುದಿಲ್ಲ. ಇದನ್ನು ನೆನೆದರೆ ಸಂಕಟವಾಗುತ್ತದೆ.

ನಿನ್ನ ಹಿತ್ತಲಿನ ದೀಪ ಬೆಳಗಿನವರೆಗೂ ಉರಿಯುತ್ತದಲ್ವಾ? ಮಲಗುವ ಮುಂಚೆ ಆರಿಸು. ಬೇಲಿ ಹೊಸದಾಗಿ ಹಾಕಿಸುವುದಿದ್ದರೆ ಬುಡದಲ್ಲಿ ಒಂದು ಕಿಂಡಿ ಬಿಡಿಸು. ಹೆಡ್ಜ್‌ಹಾಗ್‌ಗಾಗಿ ಬ್ರಿಟನ್ನಿನವರು ಬಿಡುವುದು 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ. ನಿನ್ನಲ್ಲಿ ಯಾವ ಪ್ರಾಣಿ ಓಡಾಡುತ್ತದೆ ಅಂತ ಮೊದಲು ನೋಡಿ, ಅದಕ್ಕೆ ತಕ್ಕ ಅಳತೆ ಇಟ್ಟುಕೋ. ಏನು ಬಂತು ಅಂತ ನನಗೆ ಬರೆ.

ನಿನ್ನ ಗೆಳೆಯ