ಹಳೇ ಫೋಟೊ, ಮನೆವಸ್ತು ತರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ದಿನನಿತ್ಯದ ಬದುಕಿನ ಹಳೇ ಫೋಟೊ, ಮನೆವಸ್ತು, ಹಿರಿಯರ ಮಾತುಗಳನ್ನು ಪ್ರದರ್ಶನಕ್ಕೂ ದಾಖಲೆಗೂ ಸೇರಿಸುತ್ತಿದ್ದೇವೆ. ಮಡಿಕೇರಿ ಕೋಟೆಯೊಳಗಿನ ಹಳೇ ಚರ್ಚಿನ ಮ್ಯೂಸಿಯಂನಲ್ಲಿ ಶಿಲ್ಪ, ಆಯುಧ ನೋಡಬಹುದು. ದಿನನಿತ್ಯದ ಬದುಕಿನ ದಾಖಲೆ ಇರುವುದು ನಿಮ್ಮ ಟ್ರಂಕಿನಲ್ಲಿ. ಕುಟುಂಬದ ಮೂಲಮನೆಯಾದ ಐನ್‌ಮನೆಯದ್ದಷ್ಟೇ ಸಾಲದು, ಯರವ ಬುಡಕಟ್ಟಿನವರ ಹಾಡಿ, ತೋಟದ ಕಾರ್ಮಿಕರ ಲೈನ್‌ಮನೆಗಳ ಫೋಟೊಗಳೂ ಬೇಕೇ ಬೇಕು.

ಫೋಟೊಗಳನ್ನು ನಿಮ್ಮೆದುರೇ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತೇವೆ. ಗಾಜಿಗೆ ಅಂಟಿದ್ದರೆ ಮನೆಯಲ್ಲಿ ಕೀಳಬೇಡಿ. ಮಳೆಗಾಲದ ತೇವಕ್ಕೆ ಮೇಲ್ಪದರದ ಜಿಲೆಟಿನ್ ಮೆತ್ತಗಾಗಿ ಗಾಜಿಗೆ ಹಿಡಿದಿರುತ್ತದೆ, ಎಳೆದರೆ ಅಜ್ಜನ ಮುಖ ಗಾಜಿನಲ್ಲೇ ಉಳಿಯುತ್ತದೆ. ಫ್ರೇಮ್ ಸಮೇತ ತನ್ನಿ. ಹರಿದಿದ್ದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿ ಕಲೆ ಬಿಡುತ್ತದೆ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದರೆ ಮುಂದೆ ಗೆರೆ ಮೂಡುತ್ತದೆ. ಹೆಸರುಗಳನ್ನು ಬೇರೆ ಹಾಳೆಯಲ್ಲಿ, ಎಡದಿಂದ ಬಲಕ್ಕೆ ಬರೆಯಿರಿ. ಜೊತೆಗೆ ಊರು, ಸಂದರ್ಭ, ಅಂದಾಜು ವರ್ಷ. ಗೊತ್ತಿಲ್ಲದ್ದನ್ನು ಖಾಲಿ ಬಿಡಿ, ಊಹಿಸಿ ಬರೆದದ್ದು ಮುಂದೆ ಇತಿಹಾಸವಾಗಿ ಕೂತುಬಿಡುತ್ತದೆ.

ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ, ಬೆಳ್ಳಿಯ ಕೆತ್ತನೆ ಸವೆಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು. ಸೊಂಟಕ್ಕೆ ಸುತ್ತುವ ರೇಷ್ಮೆ ಚೇಲೆಯನ್ನು ಹಳೇ ಮಡಿಕೆಯಲ್ಲೇ ಮತ್ತೆ ಮಡಚದೆ, ತೊಳೆದ ಬಿಳಿ ಬಟ್ಟೆಯೊಂದಿಗೆ ಸುರುಳಿ ಸುತ್ತಿ ತನ್ನಿ. ಕೋವಿ ತರಬೇಡಿ, ಫೋಟೊ ಸಾಕು.

ಪ್ರದರ್ಶನಕ್ಕೆ ಬಿಟ್ಟುಹೋಗುವ ವಸ್ತುವಿಗೆ ರಸೀದಿ ಎರಡು ಪ್ರತಿ. ದಾನವೋ, ತಾತ್ಕಾಲಿಕವೋ, ವಾಪಸ್ ಯಾವತ್ತು, ಈಗಲೇ ಎಲ್ಲಿ ಬಿರುಕಿದೆ ಎಲ್ಲವೂ ಅದರಲ್ಲಿರಲಿ. ಒಕ್ಕದ, ಅಂದರೆ ಇಡೀ ಮನೆತನದ ಸೊತ್ತಾದರೆ ಹಿರಿಯರ ಸಹಿ ಕಡ್ಡಾಯ. ಇಲ್ಲವಾದರೆ ನಾಳೆ ಅಣ್ಣತಮ್ಮಂದಿರ ನಡುವೆ ಮನಸ್ತಾಪ.

ಹಳೇ ನೆನಪು ಹೇಳಿಸಲು ಅಜ್ಜಿಯಂದಿರನ್ನು ಕರೆತರುವವರು ಬೆಳಿಗ್ಗೆಯೇ ಬನ್ನಿ. ಮಾಡಿನ ಶೀಟಿನ ಮೇಲೆ ಮಳೆ ಜೋರಾದರೆ ಧ್ವನಿಮುದ್ರಣ ಆಗುವುದಿಲ್ಲ. ಅವರು ಕೊಡವ ತಕ್ಕ್‌ನಲ್ಲೋ, ಅರೆಭಾಷೆಯಲ್ಲೋ, ಮನೆಮಾತಿನಲ್ಲೇ ಹೇಳಲಿ.